ಕೊಂಡಿ, ಮೇಣ, ಅರಗು: ಒಡೆದ ಪಿಂಗಾಣಿಯ ದುರಸ್ತಿ

ಕರಾವಳಿಯ ಹಳೆಯ ಮನೆಗಳ ಅಟ್ಟವನ್ನೋ ಉಗ್ರಾಣವನ್ನೋ ತೆರೆದು ನೋಡಿದರೆ ಒಂದಲ್ಲ ಒಂದು ಮೂಲೆಯಲ್ಲಿ ಒಡೆದು ಕೂಡಿಸಿದ ಪಿಂಗಾಣಿ ಸಿಗುತ್ತದೆ. ಕುತ್ತಿಗೆ ಮುರಿದು ಅಂಟಿಸಿದ ಉಪ್ಪಿನಕಾಯಿ ಭರಣಿ, ಹಿಡಿ ಹೋದ ಕಪ್ಪು, ಅಂಚಿನಲ್ಲಿ ಚಕ್ಕೆಯೆದ್ದ ಬಸಿ, ಮದುವೆಯಂಥ ದೊಡ್ಡ ಕಾರ್ಯಕ್ಕೆ ಮಾತ್ರ ಕೆಳಗಿಳಿಯುತ್ತಿದ್ದ ನೀಲಿ ಚಿತ್ರದ ಅಗಲವಾದ ತಟ್ಟೆ. ಮನೆಯನ್ನು ಪಾಲು ಮಾಡುವಾಗ ಯಾರೂ ಕೇಳದೆ ಉಳಿಯುವ ವಸ್ತುಗಳು ಇವು. ಒಡೆದ ಪಾತ್ರೆ ಮನೆಯಲ್ಲಿರಬಾರದೆಂಬ ನಂಬಿಕೆಯೂ ಸೇರಿಕೊಂಡು ಅವು ಬಹುಬೇಗ ತೋಟದ ಹೊಂಡ ಸೇರುತ್ತವೆ. ಆದರೆ ಅದೇ ಮನೆಯ ಹಿಂದಿನ ತಲೆಮಾರಿನವರು ಒಡೆದ ತಟ್ಟೆಯನ್ನು ಎಸೆಯದೆ, ದುಡ್ಡು ಕೊಟ್ಟು, ಬಲ್ಲವರನ್ನು ಹುಡುಕಿ ಕೂಡಿಸಿಕೊಂಡಿದ್ದರು ಎಂಬುದನ್ನು ಆ ತಟ್ಟೆಯ ಬೆನ್ನೇ ಹೇಳುತ್ತಿರುತ್ತದೆ. ಹಳೆಯ ಪಿಂಗಾಣಿಯ ಬೆಲೆಯನ್ನು ಅದರ ಚಿತ್ರ, ಬಣ್ಣ, ಮುದ್ರೆಗಳಲ್ಲಿ ಹುಡುಕುವ ನಾವು ಅದರ ದುರಸ್ತಿಯನ್ನು ಕಳಂಕವೆಂದು ಎಣಿಸುತ್ತೇವೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧವಾದುದು. ಆ ಪಾತ್ರೆಯಲ್ಲಿ ನಮ್ಮ ಊರಿನದು, ನಮ್ಮ ಮನೆಯದು ಎಂದು ಹೇಳಿಕೊಳ್ಳಬಹುದಾದದ್ದು ಏನಾದರೂ ಇದ್ದರೆ ಅದು ಆ ದುರಸ್ತಿ ಮಾತ್ರ.

ಪಿಂಗಾಣಿ ಈ ತೀರಕ್ಕೆ ಬಂದದ್ದು ಹಡಗಿನಲ್ಲಿ. 14ನೆಯ ಶತಮಾನದಲ್ಲಿ ಬಾರಕೂರು, ಮಂಗಳೂರುಗಳನ್ನು ಹಾದುಹೋದ ಪ್ರವಾಸಿ ಇಬ್ನ್ ಬತೂತಾ, ಚೀನಾದ ಪಿಂಗಾಣಿಯು ಭಾರತಕ್ಕೂ ಅಲ್ಲಿಂದಾಚೆ ತನ್ನ ತಾಯ್ನಾಡಾದ, ಆಫ್ರಿಕಾದ ವಾಯವ್ಯ ಭಾಗದ ಮಗ್ರಿಬ್‌ವರೆಗೂ ರಫ್ತಾಗುತ್ತಿತ್ತೆಂದು ಬರೆದಿದ್ದಾನೆ. ಆಮೇಲಿನ ಶತಮಾನಗಳಲ್ಲಿ ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ತಂದದ್ದು ಸೇರಿಕೊಂಡಿತು. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಮತ್ತು ಹಾಲೆಂಡಿನ ಮಾಸ್ಟ್ರಿಕ್ಟ್‌ನ ಕಾರ್ಖಾನೆಗಳು ಮುದ್ರಿತ ಚಿತ್ರದ ಬಿಳಿ ತಟ್ಟೆಗಳನ್ನು ಏಷ್ಯಾದ ಮಾರುಕಟ್ಟೆಗೆಂದೇ ಮಾಡಿ ಕಳುಹಿಸುತ್ತಿದ್ದವು. ಮನೆಮಾತಿನಲ್ಲಿ ಎಲ್ಲವೂ ಪಿಂಗಾಣಿಯೇ ಆದರೂ ದುರಸ್ತಿ ಮಾಡುವವನಿಗೆ ಇವುಗಳ ನಡುವಿನ ವ್ಯತ್ಯಾಸ ಗೊತ್ತಿರಬೇಕು. ಸುಮಾರು 1300 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಶಾಖದಲ್ಲಿ ಬೆಂದ ನಿಜವಾದ ಪಿಂಗಾಣಿ ಗಾಜಿನಂತಾಗಿರುತ್ತದೆ, ಒಡೆದ ಅಂಚು ಕೂಡ ನೀರು ಹೀರುವುದಿಲ್ಲ. ಮಾಸ್ಟ್ರಿಕ್ಟ್‌ನ ತಟ್ಟೆ ಅದಕ್ಕಿಂತ ಕಡಿಮೆ ಶಾಖದಲ್ಲಿ ಬೆಂದ ಬಿಳಿ ಮಣ್ಣಿನದು. ಮೇಲಿನ ಹೊಳಪಿನ ಲೇಪ ಒಡೆದರೆ ಒಳಗಿನ ಮಣ್ಣು ನೀರು, ಎಣ್ಣೆ, ಅರಸಿನ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಉಪ್ಪಿನಕಾಯಿಯ ಕಂದು-ಬಿಳಿ ಭರಣಿ ಇವೆರಡರ ನಡುವಿನದು. ಒಡೆದ ಅಂಚಿಗೆ ಒಂದು ಹನಿ ನೀರು ಬಿಟ್ಟು ಅದು ನಿಲ್ಲುತ್ತದೆಯೋ ಇಂಗುತ್ತದೆಯೋ ಎಂದು ನೋಡಿದರೆ ಯಾವ ಜಾತಿಯದೆಂದು ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಉಳಿದಿರುವ ಒಂದು ತಟ್ಟೆಯ ಬೆನ್ನಿನಲ್ಲಿ ಸ್ಫಿಂಕ್ಸ್ ಚಿತ್ರದ ಮುದ್ರೆಯೂ ಮಾಸ್ಟ್ರಿಕ್ಟ್ ಎಂಬ ಅಕ್ಷರಗಳೂ ಇವೆ. ಪೆಟ್ರಸ್ ರೆಗೌಟ್ ಕಾರ್ಖಾನೆಯದು. ಎದುರಿನಿಂದ ನೋಡಿದರೆ ನೀಲಿ ಹೂಬಳ್ಳಿಯ ನಡುವೆ ಅಡ್ಡಲಾಗಿ ಹಾದುಹೋದ ಕಂದು ಗೆರೆಯೊಂದು ಮಾತ್ರ ಕಾಣುತ್ತದೆ. ಮಗುಚಿ ಹಾಕಿದರೆ ಆ ಗೆರೆಯ ಉದ್ದಕ್ಕೆ ಐದು ಹಿತ್ತಾಳೆಯ ಕೊಂಡಿಗಳು, ಸ್ಟೇಪಲ್ ಪಿನ್ನಿನ ಆಕಾರದವು, ಗೆರೆಗೆ ಅಡ್ಡವಾಗಿ ಕುಳಿತಿವೆ. ಹೆಬ್ಬೆರಳಿನಿಂದ ಸವರಿದರೆ ಕೊಂಡಿಯ ಬೆನ್ನು ಸ್ವಲ್ಪವೇ ಉಬ್ಬಿದೆ, ಆದರೆ ಅದರ ಅಂಚು ಉಗುರಿಗೆ ಸಿಕ್ಕುವುದಿಲ್ಲ. ಅರದಿಂದ ಅಷ್ಟು ನಯವಾಗಿ ಉಜ್ಜಿದ್ದಾರೆ. ಕಾಲುಗಳು ಇಳಿದಿರುವ ರಂಧ್ರದ ಸುತ್ತ ಬಿಳಿ ಗಾರೆಯ ಸಣ್ಣ ಉಂಗುರ ಉಳಿದಿದ್ದು, ವರ್ಷಗಳ ಹುಳಿ-ಸಾರು ತಾಗಿ ಕಂದಾಗಿದೆ. ಐದರಲ್ಲಿ ಎರಡು ಕೊಂಡಿಗಳು ತಟ್ಟೆಯ ಅಂಚಿಗೆ ಬಹಳ ಹತ್ತಿರದಲ್ಲಿವೆ, ಉಳಿದ ಮೂರು ಸಮ ಅಂತರದಲ್ಲಿವೆ. ತಟ್ಟೆಯನ್ನು ಎತ್ತುವಾಗ ಎಳೆತ ಹೆಚ್ಚು ಬೀಳುವುದು ಅಂಚಿನ ಹತ್ತಿರವೇ. ಕೊಂಡಿ ಹಾಕಿದವನು ಅಂದಕ್ಕಾಗಿ ಜಾಗ ಗುರುತಿಸಿರಲಿಲ್ಲ, ತಟ್ಟೆಯನ್ನು ಕೈ ಹೇಗೆ ಹಿಡಿಯುತ್ತದೆ ಎಂಬುದನ್ನು ನೋಡಿ ಗುರುತಿಸಿದ್ದ. ಅಂಟು ಎಂಬುದು ಎಲ್ಲಿಯೂ ಇಲ್ಲ. ಆದರೂ ತಟ್ಟೆ ಅಲುಗುವುದಿಲ್ಲ, ನೀರು ಹೊಯ್ದರೆ ಸೋರುವುದಿಲ್ಲ.

ಚೀನಾದಲ್ಲಿ ಶತಮಾನಗಳ ಕಾಲ ಬೀದಿಬೀದಿ ಸುತ್ತುವ ಕಸುಬಾಗಿದ್ದ, ಯುರೋಪಿನಲ್ಲಿಯೂ 20ನೆಯ ಶತಮಾನದ ನಡುಭಾಗದವರೆಗೆ ಉಳಿದಿದ್ದ ಈ ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಕೊಂಡಿಗಳನ್ನು ನೋಡಿದವರೆಲ್ಲ ಮೊದಲು ಕೇಳುವ ಪ್ರಶ್ನೆ, ಪಿಂಗಾಣಿಗೆ ತೂತು ಕೊರೆದರೆ ಅದು ಇನ್ನಷ್ಟು ಒಡೆಯುವುದಿಲ್ಲವೇ ಎಂಬುದು. ಒಡೆದ ಚೂರುಗಳನ್ನು ತೊಳೆದು ಒಣಗಿಸಿ, ಒಂದಕ್ಕೊಂದು ಕೂರಿಸಿ, ಹುರಿಯಿಂದ ಬಿಗಿಯಾಗಿ ಕಟ್ಟುತ್ತಾರೆ. ಬಿರುಕಿನ ಎರಡೂ ಬದಿಗೆ ಜೋಡಿ ಜೋಡಿಯಾಗಿ ಚುಕ್ಕೆ ಗುರುತಿಸುತ್ತಾರೆ. ಉಕ್ಕಿನ ಮೊನೆ ಪಿಂಗಾಣಿಯ ಮೇಲೆ ಜಾರುತ್ತದೆಯೇ ಹೊರತು ಕೊರೆಯುವುದಿಲ್ಲ. ಆದ್ದರಿಂದ ಬೈರಿಗೆಯ ತುದಿಯಲ್ಲಿ ವಜ್ರದ ಚೂರು ಬೇಕು. ವಜ್ರದ ಬೈರಿಗೆಯಿಲ್ಲದೆ ಪಿಂಗಾಣಿಯ ಕೆಲಸ ಒಪ್ಪಿಕೊಳ್ಳಬೇಡ ಎಂಬ ಗಾದೆ ಚೀನಾದಲ್ಲಿ ಇಂದಿಗೂ ಬಳಕೆಯಲ್ಲಿದೆ, ಯೋಗ್ಯತೆಯಿಲ್ಲದೆ ಕೆಲಸಕ್ಕೆ ಕೈಹಾಕುವವರಿಗೆ ಹೇಳುವ ಮಾತಾಗಿ. ಬಿಲ್ಲಿನ ಹೆದೆಯನ್ನು ಬೈರಿಗೆಯ ಕಂಬಕ್ಕೆ ಒಂದು ಸುತ್ತು ಹಾಕಿ ಹಿಂದೆ ಮುಂದೆ ಎಳೆಯುತ್ತಾರೆ. ಒತ್ತುವ ಭಾರವನ್ನು ಕೈಯೇ ತೂಗಿ ನಿರ್ಧರಿಸಬೇಕು. ಕೊರೆಯುವ ಜಾಗಕ್ಕೆ ಆಗಾಗ ನೀರು ಬಿಡದಿದ್ದರೆ ಶಾಖವೇರಿ ಪಿಂಗಾಣಿ ಸಿಡಿಯುತ್ತದೆ, ವಜ್ರವೂ ಕಳಚಿಹೋಗುತ್ತದೆ.

ಈ ಕೆಲಸದ ಜಾಣ್ಮೆಯೆಲ್ಲ ರಂಧ್ರದ ಆಳ ಮತ್ತು ಓರೆಯಲ್ಲಿದೆ. ರಂಧ್ರವು ಪಾತ್ರೆಯ ದಪ್ಪದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇಳಿಯಬೇಕು, ಆಚೆ ಬದಿಗೆ ಹೊರಡಬಾರದು. ಹೊರಟರೆ ಎದುರಿನ ಚಿತ್ರ ಹಾಳಾಗುವುದಷ್ಟೇ ಅಲ್ಲ, ಪಾತ್ರೆ ಸೋರುತ್ತದೆ. ಎರಡು ರಂಧ್ರಗಳೂ ನೇರವಾಗಿ ಇಳಿಯದೆ ಬಿರುಕಿನ ಕಡೆಗೆ ತುಸು ವಾಲಿರಬೇಕು. ಕೊಂಡಿಯನ್ನು ರಂಧ್ರಗಳ ನಡುವಿನ ಅಂತರಕ್ಕಿಂತ ಒಂದೆಳೆ ಗಿಡ್ಡವಾಗಿ ಬಗ್ಗಿಸಿ, ಅದರ ಕಾಲುಗಳನ್ನೂ ಒಳಮುಖ ಮಾಡುತ್ತಾರೆ. ಮೊದಲು ಒಂದು ಕಾಲನ್ನು ಇಳಿಸಿ, ಇನ್ನೊಂದನ್ನು ಎಳೆದು ಹಿಗ್ಗಿಸಿ ಒಳಗೆ ಕೂರಿಸಿದಾಗ ಲೋಹ ತನ್ನ ಮೊದಲಿನ ಆಕಾರಕ್ಕೆ ಮರಳಲು ಹವಣಿಸುತ್ತದೆ, ಆ ಹವಣಿಕೆಯಲ್ಲಿ ಎರಡು ಚೂರುಗಳನ್ನೂ ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಕೆಲವರು ಕೊಂಡಿಯನ್ನು ಕಾಯಿಸಿ ಹಾಕುತ್ತಿದ್ದರು, ತಣಿದಾಗ ಕುಗ್ಗಿ ಇನ್ನೂ ಬಿಗಿಯಾಗಲೆಂದು. ಕೊನೆಗೆ ರಂಧ್ರದ ಸಂದಿಗೆ ಗಾರೆಯನ್ನೋ, ಮೊಟ್ಟೆಯ ಬಿಳಿಯಲ್ಲಿ ಕಲಸಿದ ನಯವಾದ ಪುಡಿಯನ್ನೋ ತುಂಬುತ್ತಿದ್ದರು. ಅಂಟಿನ ಗುಣವನ್ನು ನಂಬದೆ, ಬರಿಯ ಬಿಗಿತದಿಂದಲೇ ಒಡೆದದ್ದನ್ನು ಕೂಡಿಸುವ ಈ ಯೋಚನೆ ನನಗೆ ಇಂದಿಗೂ ಅಚ್ಚರಿ ಹುಟ್ಟಿಸುತ್ತದೆ.

ಈ ಕೊಂಡಿಯ ಅತ್ಯಂತ ಹೆಸರಾದ ಉದಾಹರಣೆ ಟೋಕಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಚೀನಾದ ಲೊಂಗ್‌ಚುವಾನ್ ಭಟ್ಟಿಗಳಲ್ಲಿ ದಕ್ಷಿಣ ಸೊಂಗ್ ಅರಸರ ಕಾಲಕ್ಕೆ ಬೆಂದ, ತಿಳಿ ಹಸಿರು ಬಣ್ಣದ ಚಹಾ ಬಟ್ಟಲು ಅದು. ಜಪಾನಿನ ಶೋಗುನ್, ಅಂದರೆ ಆಳುವ ಸೇನಾಧಿಪತಿ, ಆಗಿದ್ದ ಅಶಿಕಾಗ ಯೊಶಿಮಸನ ಬಳಿ 15ನೆಯ ಶತಮಾನದಲ್ಲಿ ಅದು ಬಿರುಕು ಬಿಟ್ಟಿತೆಂದೂ, ಅಂಥದೇ ಇನ್ನೊಂದನ್ನು ಕಳುಹಿಸಿರೆಂದು ಅವನು ಅದನ್ನು ಚೀನಾಕ್ಕೆ ಕಳುಹಿಸಿದಾಗ, ಇದಕ್ಕೆ ಸರಿಸಮಾನವಾದದ್ದು ಈಗ ದೊರೆಯದೆಂದು ಹೇಳಿ ಲೋಹದ ಕೊಂಡಿಗಳನ್ನು ಹಾಕಿ ಹಿಂದಿರುಗಿಸಿದರೆಂದೂ ಪರಂಪರೆಯ ಕಥೆ. ಆ ಕೊಂಡಿಗಳು ದೊಡ್ಡ ಮಿಡತೆಯನ್ನು ನೆನಪಿಸುತ್ತವೆಂದು ಬಟ್ಟಲಿಗೆ ಬಕೊಹನ್ ಎಂಬ ಹೆಸರೇ ಬಂತು. ಕೊಂಡಿಯ ಕುರೂಪಕ್ಕೆ ಬೇಸತ್ತು ಜಪಾನೀಯರು ಬಂಗಾರದ ದುರಸ್ತಿಯನ್ನು ಕಂಡುಹಿಡಿದರೆಂದು ಈ ಕಥೆಯನ್ನು ಮುಂದುವರಿಸಿ ಹೇಳುವವರಿದ್ದಾರೆ. ಆದರೆ ಆ ಬಟ್ಟಲಿನ ಕೊಂಡಿಗಳನ್ನು ಯಾರೂ ತೆಗೆಯಲಿಲ್ಲ, ಇಂದಿಗೂ ಹಾಗೆಯೇ ಇವೆ. ಬಟ್ಟಲಿನ ಕೀರ್ತಿಯೂ ಆ ಕೊಂಡಿಗಳಿಂದಲೇ ಬಂದದ್ದು. ಕಥೆಯ ಈ ಭಾಗವೇ ನನಗೆ ಮುಖ್ಯವಾಗಿ ತೋರುತ್ತದೆ.

ಕೊಂಡಿಗೂ ಮಿತಿಗಳಿವೆ. ಹಿತ್ತಾಳೆ ಬಿಸಿಗೆ ಪಿಂಗಾಣಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು ಹಿಗ್ಗುವುದರಿಂದ, ದಿನವೂ ಕುದಿಯುವ ಸಾರು ಬಡಿಸುವ ತಟ್ಟೆಯ ಕೊಂಡಿ ವರ್ಷಗಳಲ್ಲಿ ಸಡಿಲಾಗುತ್ತದೆ. ಕಬ್ಬಿಣದ ಕೊಂಡಿಯಾದರೆ ಸಮುದ್ರದ ಗಾಳಿಗೆ ತುಕ್ಕು ಹಿಡಿದು, ತುಕ್ಕು ಉಬ್ಬಿ, ರಂಧ್ರದ ಸುತ್ತಲಿನ ಪಿಂಗಾಣಿಯನ್ನೇ ಸೀಳುತ್ತದೆ. ತುಕ್ಕಿನ ಕೆಂಪು ಬಿರುಕಿನೊಳಗೆ ಇಳಿದರೆ ಮತ್ತೆ ಹೋಗುವುದಿಲ್ಲ. ಹಿತ್ತಾಳೆಯ ಕೊಂಡಿಗೆ ಬೇರೆ ತೊಂದರೆ. ಕೊಂಡಿ ಕಳಚಿದ್ದ ಇನ್ನೊಂದು ಬಸಿಯನ್ನು ರಥಬೀದಿಯ ಹಿರಿಯ ಅಕ್ಕಸಾಲಿಗರೊಬ್ಬರಿಗೆ ತೋರಿಸಿ, ಹಿತ್ತಾಳೆಯ ತಂತಿಯಲ್ಲಿಯೇ ಹೊಸದು ಬಗ್ಗಿಸಿ ಕೊಡಬಹುದೇ ಎಂದು ಕೇಳಿದಾಗ ಅವರು ಕನ್ನಡಕ ಸರಿಮಾಡಿಕೊಂಡು, "ಹಿತ್ತಾಳೆ ಬೇಡ ಮಾರಾಯ್ರೆ, ಹುಳಿ ತಾಗಿದ್ರೆ ಕಿಲುಬು ಹಿಡೀತದೆ. ಇಷ್ಟಕ್ಕೆ ಬೆಳ್ಳಿ ಎಷ್ಟು ಬೇಕು?" ಎಂದರು. ಹುಣಸೆ, ಮಾವು, ಲಿಂಬೆ, ಪುನರ್ಪುಳಿಗಳಿಲ್ಲದೆ ಅಡುಗೆಯೇ ಆಗದ ನಮ್ಮ ಊರಿನಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಅದೇ ಕಾರಣಕ್ಕೆ ಕೊಂಡಿ ಹಾಕಿದ ಭರಣಿಯಲ್ಲಿ ಉಪ್ಪಿನಕಾಯಿ ಇಡಬಾರದು. ಒಣಮೆಣಸು, ಕೊತ್ತಂಬರಿ, ಹಪ್ಪಳ, ಇಂಥವಕ್ಕೆ ಅದು ಧಾರಾಳವಾಗಿ ಸಾಕು.

ಕೊಂಡಿ ಹಾಕುವವರು ಸಿಗದ ಕಡೆ ಮನೆಯ ಅಂಟುಗಳೇ ಗತಿಯಾಗಿದ್ದವು. ಸೀಳುಗೆರೆ ಮಾತ್ರ ಬಿದ್ದ ಕಪ್ಪನ್ನು ಹಾಲಿನಲ್ಲಿ ಮುಳುಗಿಸಿ ಕುದಿಸುವ ಉಪಾಯ ಅನೇಕ ದೇಶಗಳಲ್ಲಿದೆ. ಹಾಲಿನ ಕೇಸಿನ್ ಎಂಬ ಪ್ರೋಟೀನು ಗೆರೆಯೊಳಗೆ ಸೇರಿ ಗಟ್ಟಿಯಾಗುತ್ತದೆ ಎಂಬುದು ನಿಜ. ಆದರೆ ಕೂದಲೆಳೆಯ ಗೆರೆಗೆ ಮಾತ್ರ ಇದು ಸಲ್ಲುತ್ತದೆ, ಎರಡು ಹೋಳಾದದ್ದಕ್ಕೆ ಸಲ್ಲದು, ನೀರು ಹೀರುವ ಮಣ್ಣಿನ ತಟ್ಟೆಯಲ್ಲಿ ಹಾಲು ಒಳಗೇ ಉಳಿದು ನಾರುತ್ತದೆ. ಹಾಲು ಒಡೆದು ಬಂದ ಗಟ್ಟಿಯನ್ನು ಸುಣ್ಣದೊಂದಿಗೆ ಅರೆದರೆ ಇನ್ನೂ ಬಲವಾದ ಅಂಟು ಬರುತ್ತದೆ, ಒಣಗಿದ ಮೇಲೆ ನೀರಿಗೆ ಸುಲಭವಾಗಿ ಬಿಡುವುದಿಲ್ಲ. ಮೊಟ್ಟೆಯ ಬಿಳಿ ಮತ್ತು ಸುಣ್ಣದ ಅಂಟೂ ಇದೇ ಗುಣದ್ದು. ಮೊಟ್ಟೆ ಒಳಗೆ ಬಾರದ ಮನೆಗಳಲ್ಲಿ ಹಾಲು-ಸುಣ್ಣ. ಹೊಳೆಯ ಬಾಯಿಯಲ್ಲಿ ಸಿಗುವ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ ಕರಾವಳಿಯಲ್ಲಿ ಎಂದೂ ದುರ್ಲಭವಾಗಿರಲಿಲ್ಲ. ಇವುಗಳ ದೋಷವೇನೆಂದರೆ ಕಲಸಿದ ಕೂಡಲೇ ಬಿಗಿಯತೊಡಗುತ್ತವೆ, ಚೂರುಗಳನ್ನು ಸರಿಯಾಗಿ ಕೂರಿಸಲು ಸಮಯ ಸಿಗುವುದಿಲ್ಲ, ಜೋಡಣೆಯ ಗೆರೆ ದಪ್ಪವಾಗಿ ಉಳಿಯುತ್ತದೆ. ಚರ್ಮ, ಮೂಳೆ, ಮೀನಿನ ಗಾಳಿಚೀಲಗಳಿಂದ ಬೇಯಿಸಿದ ಅಂಟುಗಳು ಒಣಹವೆಯ ಊರುಗಳಿಗೆ ಸರಿ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಅವು ತೇವ ಕುಡಿದು ಮೆತ್ತಗಾಗುತ್ತವೆ, ಬೂಸಲು ಹಿಡಿಯುತ್ತವೆ.

ಅರಗಿನ ವಿಚಾರ ಬೇರೆ. ಅಕ್ಕಸಾಲಿಗರ ಮನೆಯಲ್ಲಿ ಯಾವಾಗಲೂ ಇರುತ್ತಿದ್ದ ವಸ್ತುವಾದ್ದರಿಂದ ಅದರ ದುರಸ್ತಿ ಎಲ್ಲ ಕಡೆಯೂ ಕಾಣಸಿಗುತ್ತದೆ. ಚೂರುಗಳ ಅಂಚನ್ನು ಕಾಯಿಸಿ, ಅರಗು ತಾಗಿಸಿ, ಒತ್ತಿ ಹಿಡಿದರೆ ತಣಿಯುವಷ್ಟರಲ್ಲಿ ಕೂಡಿಕೊಳ್ಳುತ್ತದೆ. ಹೊಸದಾಗಿದ್ದಾಗ ಸ್ಪಿರಿಟ್ಟಿನಲ್ಲಿ ಕರಗಿಸಿ ಬಿಡಿಸಬಹುದು, ಕಾಲ ಕಳೆದಂತೆ ಕರಗದಂತಾಗಿ ಪೆಡಸಾಗುತ್ತದೆ. ಹಳೆಯ ಪಿಂಗಾಣಿಯ ಬಿರುಕಿನಲ್ಲಿ ಕಿತ್ತಳೆ ಇಲ್ಲವೇ ಕಡು ಕಂದು ಬಣ್ಣ ಕಂಡರೆ ಅರಗಿನ ಕೆಲಸವೆಂದು ಊಹಿಸಬಹುದು.

ಹಲಸಿನ ಮೇಣದ ಬಗ್ಗೆ ಮಾತ್ರ ನಾನು ನಿಧಾನವಾಗಿ ಹೇಳಬಯಸುತ್ತೇನೆ, ಏಕೆಂದರೆ ಇದು ನಮ್ಮದೇ ಅಂಗಳದ ಸಾಮಗ್ರಿ. ಬೇಸಿಗೆಯಲ್ಲಿ ಹಲಸು ಕೊರೆಯುವಾಗ ಒಸರುವ ಮೇಣವನ್ನು ಕಡ್ಡಿಗೆ ಸುತ್ತಿ ಸುತ್ತಿ ತೆಗೆದಿಟ್ಟುಕೊಳ್ಳುವ ರೂಢಿ ಅನೇಕ ಮನೆಗಳಲ್ಲಿತ್ತು. ಆ ಕೋಲನ್ನು ಕೆಂಡದ ಮೇಲೆ ಹಿಡಿದಾಗ ಮೇಣದೊಳಗಿನ ನೀರು ಚಿಟಚಿಟನೆ ಹಾರಿಹೋಗಿ, ಬಿಳಿಯಾಗಿದ್ದದ್ದು ಕಂದಾಗಿ, ಕೊನೆಗೆ ಕಪ್ಪಗೆ ಹೊಳೆಯುತ್ತ ಎಳೆಯೆಳೆಯಾಗಿ ಇಳಿಯುತ್ತದೆ. ತೂತಾದ ಬಾಲ್ದಿ, ಬಿರುಕು ಬಿಟ್ಟ ಮಡಕೆ, ದೋಣಿಯ ಸಂದು, ಒಡೆದ ಪಿಂಗಾಣಿ, ಇವೆಲ್ಲಕ್ಕೂ ಬಿಸಿ ಮಾಡಿದ ಹಲಸಿನ ಮೇಣವನ್ನು ಬಳಸುತ್ತಿದ್ದರೆಂಬುದು ಸಸ್ಯಶಾಸ್ತ್ರದ ಬರಹಗಳಲ್ಲಿಯೂ ದಾಖಲಾಗಿದೆ. ಅದರೊಳಗಿನ ರಾಳ ಮತ್ತು ರಬ್ಬರಿನಂಥ ಅಂಶಗಳು ಬಿಸಿಯಲ್ಲಿ ಕರಗಿ, ತಣಿದಾಗ ಗಟ್ಟಿಯಾಗುತ್ತವೆ. ಮತ್ತೆ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತವೆ. ನೀರಿಗೆ ಅದು ಜಗ್ಗುವುದಿಲ್ಲ. ಮಳೆಗಾಲಕ್ಕೆ ಇಷ್ಟು ಹೊಂದುವ ಅಂಟು ಮನೆಯಲ್ಲಿ ಇನ್ನೊಂದಿರಲಿಲ್ಲ.

ಇದರ ಮಿತಿಯೂ ನಮಗೆಲ್ಲ ಗೊತ್ತಿರುವುದೇ. ಹಲಸು ಕೊರೆಯುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳುವುದು ಏಕೆ? ಎಣ್ಣೆಯಿದ್ದಲ್ಲಿ ಮೇಣ ಹಿಡಿಯುವುದಿಲ್ಲ, ಹಿಡಿದದ್ದೂ ಬಿಡುತ್ತದೆ. ಹಾಗಾಗಿ ಎಣ್ಣೆ ಹಾಕಿದ ಉಪ್ಪಿನಕಾಯಿಯ ಭರಣಿಗೆ ಹಲಸಿನ ಮೇಣ ಹಾಕಿದರೆ ಒಳಗಿನ ಎಣ್ಣೆಯೇ ಅದನ್ನು ಬಿಡಿಸಿಬಿಡುತ್ತದೆ. ಬಿಸಿ ಅನ್ನದ ತಟ್ಟೆಗೂ ಅದು ಹೊಂದದು. ಆದರೆ ಗೋಡೆಗೆ ತೂಗುಹಾಕುವ ತಟ್ಟೆಗೆ, ಹೂದಾನಿಗೆ, ಒಣ ಪದಾರ್ಥದ ಜಾಡಿಗೆ ಇದು ಒಳ್ಳೆಯ ಅಂಟು. ಮತ್ತು, ಈ ಅಂಶವನ್ನು ನಾನು ಬಹಳ ದೊಡ್ಡದೆಂದು ಪರಿಗಣಿಸುತ್ತೇನೆ, ಅದನ್ನು ಬಿಡಿಸಲು ತೆಂಗಿನೆಣ್ಣೆಯೂ ತುಸು ಶಾಖವೂ ಸಾಕು, ಪಿಂಗಾಣಿಗೆ ಯಾವ ಹಾನಿಯೂ ಇಲ್ಲ.

ಈಗ ಎಲ್ಲರ ಬಾಯಲ್ಲಿರುವ ಕಿಂಟ್ಸುಗಿಗೆ, ಅಂದರೆ ಒಡೆದ ಗೆರೆಗಳನ್ನು ಬಂಗಾರದಲ್ಲಿ ಎದ್ದು ಕಾಣಿಸುವ ಜಪಾನಿನ ದುರಸ್ತಿಗೆ, ಬರುತ್ತೇನೆ. ಬಂಗಾರದ ಗೆರೆಗಳ ಚಿತ್ರಗಳನ್ನು ನೋಡಿ ಅದರ ತತ್ತ್ವವನ್ನು ಹೇಳುವವರು ಬಹಳ ಮಂದಿ, ಆದರೆ ಅಲ್ಲಿ ಕೆಲಸ ಮಾಡುವುದು ಬಂಗಾರವಲ್ಲ. ಉರುಶಿ ಎಂಬ ಮರದ ತೊಗಟೆಯನ್ನು ಗೀರಿ ಹನಿಹನಿಯಾಗಿ ಸಂಗ್ರಹಿಸಿದ ರಸವೇ ಅಲ್ಲಿನ ಅಂಟು. ಆ ರಸವನ್ನು ಗೋಧಿ ಹಿಟ್ಟಿನೊಂದಿಗೆ ಕಲಸಿ ಚೂರುಗಳನ್ನು ಅಂಟಿಸುತ್ತಾರೆ, ನಯವಾದ ಜೇಡಿಪುಡಿಯೊಂದಿಗೆ ಕಲಸಿ ಚಕ್ಕೆ ಹೋದ ಜಾಗ ತುಂಬುತ್ತಾರೆ, ಒಣಗಿದ ಮೇಲೆ ಉಜ್ಜಿ, ಮತ್ತೆ ತೆಳುವಾಗಿ ರಸವನ್ನು ಎಳೆದು, ಅದು ಇನ್ನೂ ಅಂಟಂಟಾಗಿರುವಾಗ ಬಂಗಾರದ ಪುಡಿ ಉದುರಿಸುತ್ತಾರೆ. ಕೊನೆಯ ಹೊಳಪು ಕೊಡಲು ಸಂಪ್ರದಾಯದಲ್ಲಿ ಬಳಸುವುದು ತೈ ಎಂಬ ಸಮುದ್ರ ಮೀನಿನ ಹಲ್ಲನ್ನು. ಒಂದೊಂದು ಹಂತದ ನಡುವೆಯೂ ದಿನಗಟ್ಟಲೆ ಕಾಯಬೇಕು. ಪೂರ್ತಿ ಕೆಲಸಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ.

ಬಹಳ ಜನ ತಪ್ಪು ತಿಳಿಯುವುದು ಈ ಒಣಗುವಿಕೆಯನ್ನೇ. ಉರುಶಿ ರಸ ಬಿಸಿಲಿಗೆ ಒಣಗುವುದಿಲ್ಲ. ಅದರಲ್ಲಿರುವ ಲ್ಯಾಕೇಸ್ ಎಂಬ ಕಿಣ್ವ ತೇವವಿದ್ದರೆ ಮಾತ್ರ ಕೆಲಸ ಮಾಡಿ ರಸವನ್ನು ಗಟ್ಟಿಗೊಳಿಸುತ್ತದೆ. ಸುಮಾರು 20ರಿಂದ 30 ಡಿಗ್ರಿ ಶಾಖ, 70ರಿಂದ 85 ಶೇಕಡಾ ತೇವ ಬೇಕು. ಅದಕ್ಕಾಗಿ ಜಪಾನಿನಲ್ಲಿ ಒಳಗೆ ಒದ್ದೆ ಬಟ್ಟೆಯಿಟ್ಟ ಮರದ ಪೆಟ್ಟಿಗೆಯನ್ನು ಸಿದ್ಧಪಡಿಸುತ್ತಾರೆ. ಬಟ್ಟೆ ಒಣಗದ, ಹಪ್ಪಳ ಮೆತ್ತಗಾಗುವ ನಮ್ಮ ಜುಲೈ ತಿಂಗಳಿನಲ್ಲಿ ಮಂಗಳೂರಿನ ಯಾವ ಕೋಣೆಯೂ ಅಂಥದೇ ಪೆಟ್ಟಿಗೆ. ಅನೇಕ ಅಂಟುಗಳನ್ನು ಕೆಡಿಸುವ ಮಳೆಗಾಲ ಈ ಒಂದಕ್ಕೆ ಹೇಳಿ ಮಾಡಿಸಿದ ಕಾಲ.

ಇನ್ನೊಂದು ನಂಟೂ ಇದೆ. ಉರುಶಿ ಮರವು ಮಾವು, ಗೇರು, ಚೇರೆ ಮರಗಳ ಕುಟುಂಬಕ್ಕೆ ಸೇರಿದ್ದು. ಮಾವಿನ ಸೊನೆ ತಾಗಿ ತುಟಿ ಸುಡುವುದು, ಚೇರೆ ಮರದ ಬುಡದಲ್ಲಿ ಸುಳಿದರೆ ಮೈ ಬಾತುಕೊಳ್ಳುತ್ತದೆಂದು ಕಾಡಿಗೆ ಹೋಗುವವರು ಹೆದರುವುದು, ಗೇರುಬೀಜದ ಸಿಪ್ಪೆ ಬಿಡಿಸುವ ಹೆಂಗಸರು ಕೈಗೆ ಬೂದಿಯನ್ನೋ ಎಣ್ಣೆಯನ್ನೋ ಹಚ್ಚಿಕೊಳ್ಳುವುದು, ಉರುಶಿ ಕೆಲಸಗಾರರ ಮೈಮೇಲೆ ಗುಳ್ಳೆಗಳೇಳುವುದು, ಇವೆಲ್ಲದರ ಹಿಂದೆ ಒಂದೇ ಬಗೆಯ ರಾಸಾಯನಿಕಗಳಿವೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ಆಧರಿಸಿ ಜಪಾನೀಯರು 20ನೆಯ ಶತಮಾನದಲ್ಲಿ ಉರುಶಿಗೆ ಬದಲಿಯಾದ ಅಗ್ಗದ ಅರಗುಬಣ್ಣವೊಂದನ್ನು ಮಾಡಿದರು. ಅದಕ್ಕೆ ಗೇರಿನ ಇಂಗ್ಲಿಷ್ ಹೆಸರೇ ಇದೆ, ಕಿಂಟ್ಸುಗಿ ಕಲಿಯುವವರಲ್ಲಿ ಹಲವರು ಇಂದು ಬಳಸುವುದು ಅದನ್ನೇ. ಗೇರಿನ ಕಾರ್ಖಾನೆಗಳಿಂದ ಊಟ ಕಂಡ ಊರು ನಮ್ಮದು. ದೋಣಿಯ ಮರಕ್ಕೆ ಹುಳ ಹಿಡಿಯದಂತೆ ಬಳಿಯುತ್ತಿದ್ದ ಆ ಕಪ್ಪು ಎಣ್ಣೆಯ ಬಂಧು ದೂರದ ದೇಶದಲ್ಲಿ ಚಹಾ ಬಟ್ಟಲುಗಳನ್ನು ಕೂಡಿಸುತ್ತಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ. ಅದು ಊಟದ ಪಾತ್ರೆಗೆ ಯೋಗ್ಯವಲ್ಲ ಎಂಬುದನ್ನು ಮಾತ್ರ ಮರೆಯಬಾರದು.

1940ರ ದಶಕದಲ್ಲಿ ಅರಾಲ್ಡೈಟ್‌ನಂಥ ಎಪಾಕ್ಸಿ ಅಂಟುಗಳು ಬಂದವು, 1958ರಲ್ಲಿ ಕ್ಷಣದಲ್ಲಿ ಹಿಡಿಯುವ ಅಂಟು ಮಾರುಕಟ್ಟೆಗೆ ಬಂತು. ಕೊಂಡಿ ಹಾಕುವ ಕಸುಬು ಅಳಿಯಲು ಇವೇ ಸಾಕಾದವು. ಎಪಾಕ್ಸಿ ಬಹಳ ಗಟ್ಟಿ. ಹಳೆಯ ಪಿಂಗಾಣಿಯ ದೃಷ್ಟಿಯಿಂದ ಅದರ ದೋಷವೂ ಅದೇ ಗಟ್ಟಿತನ. ಬೆಳಕಿಗೆ ಹಳದಿಯಾಗುತ್ತದೆ, ತಪ್ಪಾಗಿ ಕೂರಿಸಿದರೆ ಬಿಡಿಸುವುದು ಕಷ್ಟ, ಮತ್ತೆ ಪೆಟ್ಟು ಬಿದ್ದಾಗ ಅಂಟು ಬಿಡದೆ ಪಕ್ಕದ ಪಿಂಗಾಣಿ ಹೊಸದಾಗಿ ಒಡೆಯುತ್ತದೆ. ವಸ್ತುಸಂಗ್ರಹಾಲಯಗಳ ಸಂರಕ್ಷಕರು ಹೆಚ್ಚಾಗಿ ಬಳಸುವುದು ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು; ಅಸಿಟೋನ್ ತಾಗಿಸಿದರೆ ಅದು ಎಂದು ಬೇಕಾದರೂ ಕರಗುತ್ತದೆ. ಆದರೆ ಅದು ಮೆತ್ತಗಾಗತೊಡಗುವುದು ಸುಮಾರು 40 ಡಿಗ್ರಿ ಶಾಖಕ್ಕೆ. ಪಶ್ಚಿಮದ ಬಿಸಿಲು ಬೀಳುವ ಕಿಟಕಿಯ ಗಾಜಿನ ಕಪಾಟಿನಲ್ಲಿ ನಮ್ಮ ಏಪ್ರಿಲ್ ತಿಂಗಳು ಅಷ್ಟು ಶಾಖವನ್ನು ಸುಲಭವಾಗಿ ಮುಟ್ಟುತ್ತದೆ. ಲಂಡನ್ನಿಗೆ ಒಪ್ಪುವ ಅಂಟು ಉಡುಪಿಗೂ ಒಪ್ಪುತ್ತದೆಂದು ಕಣ್ಣು ಮುಚ್ಚಿ ನಂಬುವಂತಿಲ್ಲ. ಅಂಥ ದುರಸ್ತಿಯಾದ ಪಾತ್ರೆಯನ್ನು ಒಳಕೋಣೆಯ ನೆರಳಿನಲ್ಲಿ, ಭಾರ ಬೀಳದಂತೆ ಇಡಬೇಕು.

ಭರಣಿಗಳಿಗೆ ಇನ್ನೊಂದು ಕಾಯಿಲೆಯಿದೆ, ಅಂಟಿಸುವ ಮೊದಲೇ ಅದಕ್ಕೆ ಮದ್ದು ಮಾಡಬೇಕು. ದಶಕಗಳ ಕಾಲ ಮಾವಿನ ಮಿಡಿ ತುಂಬಿಸಿಟ್ಟ ಭರಣಿಯ ಗೋಡೆಯೊಳಗೆ, ಲೇಪದ ಸಣ್ಣ ಸೀಳುಗಳ ಮೂಲಕ ಉಪ್ಪು ಸೇರಿಕೊಂಡಿರುತ್ತದೆ. ಮಳೆಗಾಲದಲ್ಲಿ ಆ ಉಪ್ಪು ತೇವ ಹೀರಿ ಕರಗುತ್ತದೆ, ಬೇಸಿಗೆಯಲ್ಲಿ ಹರಳುಗಟ್ಟುತ್ತದೆ. ಹರಳುಗಟ್ಟುವಾಗಲೆಲ್ಲ ಹಿಗ್ಗಿ ಮೇಲಿನ ಲೇಪವನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಹೆಗಲಿನ ಭಾಗದಲ್ಲಿ ಬಿಳಿ ಪುಡಿ ಕಾಣಿಸಿಕೊಂಡ ಭರಣಿಯನ್ನು ಹಾಗೆಯೇ ಅಂಟಿಸಿದರೆ ಅಂಟು ನಿಲ್ಲುವುದಿಲ್ಲ. ಲೇಪ ಇನ್ನೂ ಗಟ್ಟಿಯಿದ್ದರೆ ಚೂರುಗಳನ್ನು ಶುದ್ಧ ನೀರಿನಲ್ಲಿ ಮುಳುಗಿಸಿ, ಮತ್ತೆ ಮತ್ತೆ ನೀರು ಬದಲಿಸುತ್ತ, ಉಪ್ಪು ಬಿಡುವವರೆಗೆ ವಾರಗಟ್ಟಲೆ ಇಡಬೇಕು. ಬಾವಿಯ ನೀರಿಗಿಂತ ಮಳೆಯ ನೀರು ಇದಕ್ಕೆ ಮೇಲು. ಕಲೆ ತೆಗೆಯಲು ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚನ್ನು ಯಾರೂ ಬಳಸಬಾರದು. ಅದು ಬಿಟ್ಟುಹೋಗುವ ಲವಣ ಇದೇ ಕಾಯಿಲೆಯನ್ನು ಹೊಸದಾಗಿ ಹುಟ್ಟಿಸುತ್ತದೆ.

ಹಳೆಯ ಕೊಂಡಿಗಳನ್ನು ಕಿತ್ತು, ರಂಧ್ರ ಮುಚ್ಚಿ, ಬಣ್ಣ ಬಳಿದು ಒಡೆದೇ ಇರಲಿಲ್ಲ ಎಂಬಂತೆ ಮಾಡಿಕೊಡುವವರು ದೊಡ್ಡ ಊರುಗಳಲ್ಲಿದ್ದಾರೆ. ಪುರಾತನ ವಸ್ತುಗಳ ವ್ಯಾಪಾರಕ್ಕೆ ಅದು ಲಾಭದ ಕೆಲಸ. ಅಂಥ ಮರೆಮಾಚಿದ ದುರಸ್ತಿಯನ್ನು ಗುರುತಿಸಲು ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ದೀಪ ಸಾಕು. ಕತ್ತಲಲ್ಲಿ ಅದರ ಬೆಳಕು ಬಿಟ್ಟರೆ ಹೊಸ ಅಂಟು ಮತ್ತು ಬಣ್ಣ ಸುತ್ತಲಿನ ಪಿಂಗಾಣಿಗಿಂತ ಬೇರೆಯಾಗಿ ಹೊಳೆಯುತ್ತವೆ. ಬೆರಳ ಗಂಟಿನಿಂದ ತಟ್ಟಿ ಕೇಳುವುದು ಇನ್ನೂ ಹಳೆಯ ಉಪಾಯ. ಇಡಿಯಾದ ಪಾತ್ರೆ ಗಂಟೆಯ ನಾದ ಕೊಡುತ್ತದೆ, ಬಿರುಕು ಬಿಟ್ಟದ್ದು ಬೊದ್ದು ಸದ್ದು ಮಾಡುತ್ತದೆ. ಕೊಂಡಿ ತುಕ್ಕು ಹಿಡಿದು ಪಿಂಗಾಣಿಯನ್ನು ಸೀಳುತ್ತಿದ್ದರೆ ತೆಗೆಯಲೇಬೇಕು, ಆ ಮಾತು ಬೇರೆ. ಗಟ್ಟಿಯಾಗಿ ಕುಳಿತಿರುವ ಕೊಂಡಿಯನ್ನು ಅಂದಕ್ಕಾಗಿ ಕೀಳುವುದನ್ನು ನಾನು ಒಪ್ಪಲಾರೆ. ಹಾಲೆಂಡಿನ ಕಾರ್ಖಾನೆಯಲ್ಲಿ ಅಂಥ ತಟ್ಟೆಗಳು ರಾಶಿರಾಶಿಯಾಗಿ ತಯಾರಾದವು. ಆ ಐದು ಕೊಂಡಿಗಳನ್ನು ಹಾಕಿದವನ ಕೈಯ ಗುರುತು ಇರುವುದು ಇದೊಂದರ ಮೇಲೆ.

ಬೆಲೆಬಾಳುವ ಪಾತ್ರೆಯೊಂದು ಒಡೆದರೆ ಯಾವ ಅಂಟನ್ನೂ ಮುಟ್ಟದೆ ಮೊದಲು ಪುಡಿಯವರೆಗೆ ಎಲ್ಲ ಚೂರುಗಳನ್ನೂ ಆರಿಸಿ, ಅಂಚುಗಳು ಒಂದಕ್ಕೊಂದು ತಿಕ್ಕದಂತೆ ಬೇರೆ ಬೇರೆ ಕಾಗದದಲ್ಲಿ ಸುತ್ತಿಡಬೇಕು. ತಿಕ್ಕಿ ಸವೆದ ಅಂಚು ಮತ್ತೆ ಸರಿಯಾಗಿ ಕೂಡುವುದಿಲ್ಲ. ನಿಜವಾಗಿ ಅಪರೂಪದ್ದಾದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿರುವ ಇಂಟ್ಯಾಕ್ ಸಂರಕ್ಷಣಾ ಕೇಂದ್ರದಂಥ ಕಡೆ ವಿಚಾರಿಸುವುದು ಒಳ್ಳೆಯದು. ಮನೆಯಲ್ಲಿಯೇ ಮಾಡುವುದಾದರೆ, ಅಂಟಿಲ್ಲದೆ ಒಮ್ಮೆ ಟೇಪಿನಿಂದ ಕೂಡಿಸಿ ನೋಡಿ, ಯಾವ ಚೂರಿನ ನಂತರ ಯಾವುದು ಎಂಬ ಕ್ರಮವನ್ನು ಪೆನ್ಸಿಲಿನಿಂದ ಟೇಪಿನ ಮೇಲೆ ಗುರುತಿಸಿಕೊಳ್ಳಬೇಕು. ಕ್ರಮ ತಪ್ಪಿದರೆ ಕೊನೆಯ ಚೂರಿಗೆ ಜಾಗವೇ ಸಿಗುವುದಿಲ್ಲ. ಅಂಟಿಸಿದ ಭಾಗವನ್ನು ಒಣಗುವವರೆಗೆ ಮರಳು ತುಂಬಿದ ಬೋಗುಣಿಯಲ್ಲಿ, ಜೋಡಣೆಯ ಗೆರೆ ಮಲಗಿದಂತೆ ಬರುವ ಹಾಗೆ ನಿಲ್ಲಿಸಿದರೆ ಚೂರಿನ ಭಾರವೇ ಅದನ್ನು ಒತ್ತಿ ಹಿಡಿಯುತ್ತದೆ. ಯಾವ ಅಂಟು, ಯಾವ ವರ್ಷ, ಬಿಡಿಸಲು ಏನು ಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಪಾತ್ರೆಯೊಳಗೆ ಇಡುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ: ಹಲಸಿನ ಮೇಣವಾದರೆ ತೆಂಗಿನೆಣ್ಣೆ, ಅರಗಾದರೆ ಸ್ಪಿರಿಟ್, ಬಿ-72 ಆದರೆ ಅಸಿಟೋನ್.